ಗ್ಯಾರೇಜಿನ ಶಟರ್‌ಗೆ ಅಳತೆ ತೆಗೆಯುವ ಕ್ರಮ: ಟೇಪು ಹಿಡಿಯುವುದರಿಂದ ಆರ್ಡರ್ ಚೀಟಿ ಬರೆಯುವವರೆಗೆ

ಮನೆ ಕಟ್ಟಿ ಮುಗಿಸಿ ಕೈ ಖಾಲಿಯಾದ ಹೊತ್ತಿನಲ್ಲಿ, ಗೃಹಪ್ರವೇಶದ ಗಡಿಬಿಡಿಯ ನಡುವೆ ಹೇಳಿ ಮುಗಿಸುವ ಕೆಲಸಗಳಲ್ಲಿ ಗ್ಯಾರೇಜಿನ ಶಟರ್ ಕೂಡ ಒಂದು. ಅದು ಬಂದ ದಿನ ಒಂದು ಬದಿಯಲ್ಲಿ ಬೆರಳು ತೂರುವಷ್ಟು ಸಂದು ಉಳಿದಿರುತ್ತದೆ, ಇಲ್ಲವೇ ಶಟರ್ ಜಾರುವ ಚಾನಲ್ ಕೂರಿಸಲು ಹೊಸ ಗಿಲಾವನ್ನೇ ಒಡೆಯಬೇಕಾಗುತ್ತದೆ. ಮೈಸೂರಿನ ಕುವೆಂಪುನಗರದ ನಮ್ಮ ಮನೆಯಲ್ಲೂ ಹೀಗೇ ಆಯಿತು. ಓಪನಿಂಗ್ ಸರಿಯಾಗಿ 9 ಅಡಿ ಇತ್ತು. ಸಲೀಸಾಗಿ ಕೂರಲಿ ಎಂದು ನಾನು ಒಂದು ಇಂಚು ಕಳೆದು ಬರೆದುಕೊಟ್ಟೆ. ಶಟರ್ ಮಾಡಿದವರು ತಮ್ಮ ವಾಡಿಕೆಯಂತೆ ಅದರಲ್ಲಿ ಇನ್ನೊಂದು ಇಂಚು ಕಳೆದರು. ಉಳಿದ ಎರಡು ಇಂಚಿನ ಸಂದಿಗೆ ಸಿಮೆಂಟು ತುಂಬಿಸಿದ ಪಟ್ಟಿ ಇಂದಿಗೂ ಗೋಡೆಯ ಮೇಲೆ ಎದ್ದು ಕಾಣುತ್ತದೆ.

ಅಲ್ಲಿಂದಾಚೆಗೆ ನೆಂಟರಿಗೂ ನೆರೆಯವರಿಗೂ ಅಳತೆ ತೆಗೆದುಕೊಡುವಾಗ ನಾನು ಪಾಲಿಸುತ್ತಿರುವ ನಿಯಮ ಒಂದೇ. ಮನೆಯವರು ಕೊಡಬೇಕಾದದ್ದು ಗೋಡೆಯಿಂದ ಗೋಡೆಗೆ, ನೆಲದಿಂದ ಲಿಂಟಲ್‌ಗೆ (ಓಪನಿಂಗಿನ ಮೇಲಿನ ಅಡ್ಡ ತೊಲೆಗೆ) ಇರುವಷ್ಟೇ ಅಳತೆಯನ್ನು. ಕೂಡುವುದು, ಕಳೆಯುವುದು ಶಟರ್ ಮಾಡುವವರಿಗೆ ಬಿಟ್ಟದ್ದು, ಅದೂ ಒಂದೇ ಸಲ. ಕೆಳಗಿನ ಹಂತಗಳನ್ನು ಇದೇ ಕ್ರಮದಲ್ಲಿ ಮಾಡಬೇಕು. ಹಿಂದುಮುಂದಾದರೆ ತೆಗೆದ ಅಳತೆಯನ್ನೇ ಮತ್ತೆ ತೆಗೆಯಬೇಕಾಗುತ್ತದೆ.

ಹಂತ 1: ಶಟರ್ ಎಲ್ಲಿ ಕೂರುತ್ತದೆ ಎಂಬುದನ್ನು ಮೊದಲು ತೀರ್ಮಾನಿಸಿ

ನಮ್ಮ ಕಡೆ ಹೆಚ್ಚಾಗಿ ಹಾಕಿಸುವುದು ರೋಲಿಂಗ್ ಶಟರ್. ಒಂದರೊಳಗೊಂದು ಸಿಕ್ಕಿಸಿದ ಉಕ್ಕಿನ ಪಟ್ಟಿಗಳು ಮೇಲಿನ ಪೈಪಿಗೆ ಸುತ್ತಿಕೊಳ್ಳುತ್ತವೆ, ಪಟ್ಟಿಗಳ ತುದಿಗಳು ಎರಡೂ ಬದಿಯ ಗೈಡ್ ಚಾನಲ್‌ಗಳಲ್ಲಿ ಜಾರುತ್ತವೆ. ಈ ಚಾನಲ್‌ಗಳನ್ನು ಓಪನಿಂಗಿನ ಎರಡು ಗೋಡೆಗಳ ನಡುವೆ ಕೂರಿಸಬಹುದು, ಗೋಡೆಯ ಒಳಮುಖಕ್ಕೆ ಬಿಗಿಯಬಹುದು, ಹೊರಮುಖಕ್ಕೂ ಬಿಗಿಯಬಹುದು. ಅಳತೆ ಎಲ್ಲಕ್ಕೂ ಒಂದೇ ಆದರೂ ಕೈಗೆ ಸಿಗುವ ಜಾಗ ಒಂದೇ ಅಲ್ಲ.

ಚಾನಲ್‌ನ ಆಳ ಸಾಮಾನ್ಯವಾಗಿ 65 ಮಿ.ಮೀ. ಇರುತ್ತದೆ, ಶಟರಿನ ಅಗಲ 3.5 ಮೀಟರ್ ದಾಟಿದರೆ 75 ಮಿ.ಮೀ. ಬೇಕಾಗುತ್ತದೆ. ಗೋಡೆಗಳ ನಡುವೆ ಕೂರಿಸಿದರೆ ಎರಡು ಬದಿ ಸೇರಿ ಐದು ಇಂಚಿಗೂ ಹೆಚ್ಚು ಅಗಲ ಹೋಗುತ್ತದೆ, ಅಂದರೆ 9 ಅಡಿಯ ಓಪನಿಂಗಿನಲ್ಲಿ ಕಾರಿಗೆ ಉಳಿಯುವುದು ಹೆಚ್ಚೂಕಡಿಮೆ ಎಂಟೂವರೆ ಅಡಿ. ಒಳಮುಖಕ್ಕೋ ಹೊರಮುಖಕ್ಕೋ ಬಿಗಿದರೆ ಈ ನಷ್ಟವಿಲ್ಲ, ಆದರೆ ಲಿಂಟಲ್ ಮೇಲೆ ಸುರುಳಿ ಕೂರಲು ಗೋಡೆ ಖಾಲಿ ಇರಬೇಕು. ಹೊರಮುಖಕ್ಕೆ ಹಾಕಿದರೆ ಸುರುಳಿಯ ಪೆಟ್ಟಿಗೆಯ ಮೇಲೆ ಮಳೆ ನೇರವಾಗಿ ಬೀಳುತ್ತದೆ. ಸಜ್ಜೆ ಇಲ್ಲದ ಮನೆಗೆ ನಾನು ಅದನ್ನು ಹೇಳುವುದಿಲ್ಲ.

ಹಲಗೆಗಳಾಗಿ ಮಡಿದು ಚಾವಣಿಯ ಕೆಳಗೆ ಹೋಗಿ ಮಲಗುವ ಸೆಕ್ಷನಲ್ ಬಾಗಿಲನ್ನು ಹಾಕಿಸುವವರೂ ಈಗ ಇದ್ದಾರೆ. ಅದು ಯಾವಾಗಲೂ ಗೋಡೆಯ ಒಳಮುಖಕ್ಕೇ ಕೂರುತ್ತದೆ, ಮತ್ತು ಅದಕ್ಕೆ ಬೇಕಾದ ಜಾಗದ ಲೆಕ್ಕವೇ ಬೇರೆ. ಅದನ್ನು ಏಳನೆಯ ಹಂತದಲ್ಲಿ ಹೇಳಿದ್ದೇನೆ.

ಹಂತ 2: ಗಿಲಾವು, ನೆಲ ಮುಗಿದಿವೆಯೇ ನೋಡಿ

ಇಟ್ಟಿಗೆ ಕಾಣುತ್ತಿರುವ ಗೋಡೆಗೆ ಟೇಪು ಹಿಡಿಯಬೇಡಿ. ಗಿಲಾವು ಒಂದೊಂದು ಬದಿಗೆ ಅರ್ಧದಿಂದ ಮುಕ್ಕಾಲು ಇಂಚು ತಿನ್ನುತ್ತದೆ. ನೆಲಕ್ಕೆ ಮುಂದೆ ಗ್ರಾನೈಟ್ ಅಥವಾ ಪಾರ್ಕಿಂಗ್ ಟೈಲ್ಸ್ ಬರುವುದಾದರೆ ಕೆಳಗಿನ ಗಾರೆಯೂ ಸೇರಿ ಎರಡು ಮೂರು ಇಂಚು ಏರುತ್ತದೆ, ಅಷ್ಟು ಎತ್ತರ ಕಡಿಮೆಯಾಗುತ್ತದೆ. ಕಾಯಲು ಆಗದಿದ್ದರೆ ‘ಗಿಲಾವಿಗೆ ಮುಂಚಿನ ಅಳತೆ, ನೆಲ ಇನ್ನೂ ಆಗಿಲ್ಲ’ ಎಂದು ಚೀಟಿಯಲ್ಲಿ ಸ್ಪಷ್ಟವಾಗಿ ಬರೆದು, ಪಟ್ಟಿ ಕತ್ತರಿಸುವ ಮೊದಲು ಅವರೇ ಒಮ್ಮೆ ಬಂದು ಅಳೆಯುವಂತೆ ಒಪ್ಪಿಸಿಕೊಳ್ಳಿ.

ಹಳೆಯ ಶಟರ್ ತೆಗೆದು ಹೊಸದು ಹಾಕಿಸುವವರಿಗೆ ಒಂದು ಎಚ್ಚರಿಕೆ. ಅಳತೆಗೆ ಅಡ್ಡ ಬರುತ್ತದೆ ಎಂದು ಹಳೆಯ ಶಟರಿನ ಪೈಪನ್ನೋ ಬ್ರಾಕೆಟ್ಟನ್ನೋ ನೀವೇ ಬಿಚ್ಚಲು ಹೋಗಬಾರದು. ಪೈಪಿನೊಳಗಿನ ಸ್ಪ್ರಿಂಗ್ ಬಿಗಿಯಾಗಿ ಸುತ್ತಿಕೊಂಡಿರುತ್ತದೆ. ಬೋಲ್ಟು ಸಡಿಲಾದ ಕ್ಷಣದಲ್ಲಿ ಕೈಯನ್ನೇ ಮುರಿಯುವಷ್ಟು ಬಿರುಸಾಗಿ ಬಿಚ್ಚಿಕೊಳ್ಳುತ್ತದೆ. ಶಟರನ್ನು ಪೂರ್ತಿ ಎತ್ತಿ, ಚಾನಲ್‌ಗಳನ್ನು ಲೆಕ್ಕಕ್ಕೆ ತೆಗೆದುಕೊಳ್ಳದೆ ಅವುಗಳ ಹಿಂದಿನ ಗೋಡೆಯಿಂದ ಗೋಡೆಗೆ ಅಳೆದರೆ ಸಾಕು. ಹಳೆಯ ಶಟರಿನ ಅಳತೆಯನ್ನೇ ಹೊಸದಕ್ಕೆ ಬರೆದುಕೊಡುವುದು ಸುಲಭ, ಆದರೆ ಅದರಲ್ಲಿದ್ದ ತಪ್ಪೂ ಜೊತೆಗೆ ಬರುತ್ತದೆ.

ಹಂತ 3: ಬೇಕಾದ ಸಾಮಾನು

5 ಮೀಟರಿನ ಉಕ್ಕಿನ ಟೇಪು, ರಸಮಟ್ಟ, ತೂಕದ ಗುಂಡು, ಹತ್ತು ಮೀಟರಿನಷ್ಟು ಪಾರದರ್ಶಕ ಮಟ್ಟದ ಪೈಪು, ಸೀಮೆಸುಣ್ಣ, ಏಣಿ, ಮತ್ತು ಟೇಪಿನ ಇನ್ನೊಂದು ತುದಿ ಹಿಡಿಯಲು ಒಬ್ಬರು. 3 ಮೀಟರಿನ ಟೇಪಿನಲ್ಲಿ ಅಗಲವಾದ ಓಪನಿಂಗನ್ನು ಎರಡು ತುಂಡಾಗಿ ಅಳೆದು ಕೂಡಿಸುವುದು ಬೇಡ. ಬಟ್ಟೆಯ ಟೇಪು, ಹಿಗ್ಗುವ ಪ್ಲಾಸ್ಟಿಕ್ ಟೇಪು ಯಾವುದೂ ಬೇಡ. ಟೇಪಿನ ತುದಿಯ ಕೊಕ್ಕೆ ಸ್ವಲ್ಪ ಅಲುಗಾಡುತ್ತದೆ ಎಂದು ಅದನ್ನು ಬಡಿದು ಬಿಗಿ ಮಾಡುವವರನ್ನು ನೋಡಿದ್ದೇನೆ. ಕೊಕ್ಕೆಯ ದಪ್ಪ ಎಷ್ಟೋ ಅಷ್ಟೇ ಅದು ಸರಿದಾಡುವಂತೆ ಮಾಡಿರುತ್ತಾರೆ. ಎಳೆದು ಅಳೆದರೂ ಗೋಡೆಗೆ ಒತ್ತಿ ಅಳೆದರೂ ಅಳತೆ ಒಂದೇ ಬರಲಿ ಎಂಬುದಕ್ಕಾಗಿ ಆ ವ್ಯವಸ್ಥೆ.

ಹಂತ 4: ಅಗಲವನ್ನು ಮೂರು ಕಡೆ ಅಳೆಯಿರಿ

ಲಿಂಟಲ್ ಕೆಳಗೆ ಒಂದು, ನಡುಮಟ್ಟದಲ್ಲಿ ಒಂದು, ನೆಲದಿಂದ ಒಂದು ಗೇಣು ಮೇಲೆ ಒಂದು, ಹೀಗೆ ಮೂರು ಅಗಲ ತೆಗೆದು ಮೂರನ್ನೂ ಬರೆಯಿರಿ. ಚಾನಲ್ ಕೂರುವ ನೇರದಲ್ಲೇ ಟೇಪು ಹಿಡಿಯಬೇಕು. ಗೋಡೆಯ ಹೊರ ಅಂಚಿನಲ್ಲಿ ಅಳೆದು ಚಾನಲನ್ನು ಒಳ ಅಂಚಿಗೆ ಕೂರಿಸಿದರೆ, ಒಂಬತ್ತು ಇಂಚಿನ ಗೋಡೆಯಲ್ಲೇ ಎರಡು ಮೂರು ನೂಲು (ಇಂಚಿನ ಎಂಟನೆಯ ಒಂದು ಭಾಗಕ್ಕೆ ಒಂದು ನೂಲು) ವ್ಯತ್ಯಾಸ ಬರುವುದು ಸಾಮಾನ್ಯ.

ಮೂರರಲ್ಲಿ ಅತಿ ಚಿಕ್ಕದೇ ಆಧಾರದ ಅಳತೆ. ಸರಾಸರಿ ತೆಗೆಯುವುದು ತಪ್ಪು, ಏಕೆಂದರೆ ಸರಾಸರಿ ಅಳತೆಗೆ ಮಾಡಿದ ಶಟರ್ ಚಿಕ್ಕ ಜಾಗದಲ್ಲಿ ಸಿಕ್ಕಿಕೊಳ್ಳುತ್ತದೆ. ದೊಡ್ಡದಕ್ಕೂ ಚಿಕ್ಕದಕ್ಕೂ ಅರ್ಧ ಇಂಚಿಗಿಂತ ಹೆಚ್ಚು ಅಂತರ ಕಂಡರೆ ಶಟರ್ ಹೇಳುವುದನ್ನು ನಿಲ್ಲಿಸಿ, ಗಾರೆಯವರನ್ನು ಕರೆಸಿ ಅಂಚನ್ನು ಸರಿಮಾಡಿಸಿ. ಲಕ್ಷ್ಮೀಪುರಂ, ಚಾಮುಂಡಿಪುರಂ ಕಡೆಯ ಹಳೆಯ ಮನೆಗಳ ಸುಣ್ಣದ ಗಾರೆಯ ಗೋಡೆಗಳಲ್ಲಿ ಇದು ಬಹುಮಟ್ಟಿಗೆ ಬಂದೇ ಬರುತ್ತದೆ.

ಒಳಮೂಲೆಯಲ್ಲಿ ಟೇಪು ಬಾಗಿದಾಗ ಕೊನೆಯ ಅಂಕಿಯನ್ನು ಅಂದಾಜಿನಿಂದ ಓದಬೇಡಿ. ಎಡಗೋಡೆಯಿಂದ ಸರಿಯಾಗಿ 1500 ಮಿ.ಮೀ.ಗೆ ನೆಲದ ಮೇಲೆ ಸೀಮೆಸುಣ್ಣದ ಗುರುತು ಹಾಕಿ, ಬಲಗೋಡೆಯಿಂದ ಆ ಗುರುತಿಗೆ ಅಳೆದು ಕೂಡಿಸಿದರೆ ಬಾಗಿದ ಟೇಪಿನ ಕಾಟ ತಪ್ಪುತ್ತದೆ. ಉದ್ದ ಸಾಲದೆ ಅಳತೆಯನ್ನು ತುಂಡು ಮಾಡುವುದಕ್ಕೂ ಇದಕ್ಕೂ ವ್ಯತ್ಯಾಸವಿದೆ. ಇಲ್ಲಿ ಒಂದೇ ಗುರುತಿಗೆ ಎರಡು ಗೋಡೆಯಿಂದ ಕೊಕ್ಕೆ ಒತ್ತಿ ಅಳೆಯುತ್ತೀರಿ, ಬಾಗಿದ ಟೇಪು ಎಲ್ಲೂ ಇರುವುದಿಲ್ಲ. ಏಣಿ ಹತ್ತಿ ಮೇಲಿನ ಅಗಲ ತೆಗೆಯುವಾಗ ಟೇಪು ನಡುವೆ ಜೋತು ಬೀಳದಂತೆ ಬಿಗಿಯಾಗಿ ಎಳೆದಿರಬೇಕು.

ಹಂತ 5: ಎತ್ತರ, ಅದಕ್ಕಿಂತ ಮುಖ್ಯವಾಗಿ ನೆಲದ ಇಳಿಜಾರು

ಎತ್ತರವನ್ನೂ ಎಡ, ನಡು, ಬಲ ಎಂದು ಮೂರು ಕಡೆ, ಶಟರಿನ ಕೆಳಪಟ್ಟಿ ಬಂದು ಕೂರುವ ಗೆರೆಯಿಂದಲೇ ಅಳೆಯಬೇಕು. ಹೊರಗಿನ ರ‍್ಯಾಂಪಿನ ಮೇಲೆ ನಿಂತು ಅಳೆದರೆ ಲೆಕ್ಕ ತಪ್ಪುತ್ತದೆ. ಮೂರು ಎತ್ತರಗಳು ಬೇರೆಬೇರೆ ಬಂದಾಗ ಲಿಂಟಲ್ ಸೊಟ್ಟಗಿದೆಯೋ ನೆಲ ಇಳಿದಿದೆಯೋ ಎಂದು ಟೇಪು ಹೇಳುವುದಿಲ್ಲ. ಅದಕ್ಕೇ ಮಟ್ಟದ ಪೈಪು ಬೇಕು.

ಪೈಪಿಗೆ ಗುಳ್ಳೆ ಇಲ್ಲದಂತೆ ನೀರು ತುಂಬಿ, ಎಡಗೋಡೆಯಲ್ಲಿ ನೆಲದಿಂದ 1000 ಮಿ.ಮೀ. ಎತ್ತರಕ್ಕೆ ಗೆರೆ ಎಳೆಯಿರಿ. ಪೈಪಿನ ಒಂದು ತುದಿಯ ನೀರನ್ನು ಆ ಗೆರೆಗೆ ಹೊಂದಿಸಿ ಹಿಡಿದು, ಇನ್ನೊಂದು ತುದಿಯ ನೀರು ಅಲುಗಾಡುವುದು ಪೂರ್ತಿ ನಿಂತ ಮೇಲೆ ಬಲಗೋಡೆಯಲ್ಲಿ ಗೆರೆ ಹಾಕಿ. ಈಗ ಬಲಗೆರೆಯಿಂದ ನೆಲಕ್ಕೆ ಅಳೆದರೆ 1035 ಬಂತು ಎಂದುಕೊಳ್ಳೋಣ. ಹಾಗಿದ್ದರೆ ಬಲಬದಿಯ ನೆಲ 35 ಮಿ.ಮೀ. ತಗ್ಗಿನಲ್ಲಿದೆ. ಅದೇ ಎರಡು ಗೆರೆಗಳಿಂದ ಮೇಲಕ್ಕೆ ಲಿಂಟಲ್‌ವರೆಗೂ ಅಳೆದು ನೋಡಿ. ಎರಡೂ ಸಮ ಬಂದರೆ ಲಿಂಟಲ್ ಮಟ್ಟವಾಗಿದೆ.

ಇಲ್ಲೇ ಬಹಳ ಜನ ಎಡವುತ್ತಾರೆ. ತಗ್ಗಿನ ಬದಿಯ ಎತ್ತರವನ್ನು ಕೊಟ್ಟರೆ ಸಂದು ಮುಚ್ಚುತ್ತದೆ ಎಂಬುದು ಅವರ ನಂಬಿಕೆ. ಶಟರಿನ ಪಟ್ಟಿಗಳು ಮಟ್ಟವಾಗಿಯೇ ಸುತ್ತಿಕೊಂಡು ಮಟ್ಟವಾಗಿಯೇ ಇಳಿಯುತ್ತವೆ. ಕೆಳಪಟ್ಟಿ ಮೊದಲು ಎತ್ತರದ ಬದಿಗೆ ತಗಲಿ ನಿಂತುಬಿಡುತ್ತದೆ. ಎಷ್ಟು ಉದ್ದದ ಶಟರ್ ಮಾಡಿಸಿದರೂ ತಗ್ಗಿನ ಬದಿಯಲ್ಲಿ ಆ 35 ಮಿ.ಮೀ. ಸಂದು ಹಾಗೆಯೇ ಇರುತ್ತದೆ. ಒಂದು ಇಂಚಿನೊಳಗಿನ ಸಂದಾದರೆ ಕೆಳಪಟ್ಟಿಗೆ ರಬ್ಬರ್ ಹಾಕಿಸಿ ಮುಚ್ಚಬಹುದು. ಅದಕ್ಕಿಂತ ಹೆಚ್ಚಾದರೆ ಕೆಳಪಟ್ಟಿ ಕೂರುವ ಗೆರೆಯುದ್ದಕ್ಕೂ ಹೊಸ್ತಿಲಿನಂತೆ ಕಾಂಕ್ರೀಟಿನ ಪಟ್ಟಿಯನ್ನು ಮಟ್ಟ ಮಾಡಿಸಿ, ಆಮೇಲೆ ಎತ್ತರ ಅಳೆಯಬೇಕು. ಕಾರು ತೊಳೆದ ನೀರು ಚರಂಡಿಗೆ ಹರಿಯಲೆಂದು ಬೇಕೆಂದೇ ಬಿಟ್ಟ ಇಳಿಜಾರಾದರೆ, ಆ ಪಟ್ಟಿಯ ತಗ್ಗಿನ ತುದಿಯಲ್ಲಿ ನೀರಿಗೆ ದಾರಿ ಬಿಡಲು ಮರೆಯಬೇಡಿ. ಅದಕ್ಕೆ ಜಾಲರಿಯನ್ನೂ ಹಾಕಿಸಬೇಕು. ಮಂಡ್ಯದ ನಾಲೆ ಬಯಲಿನಲ್ಲಿ, ಕಬ್ಬಿನ ಗದ್ದೆಗೆ ತಾಗಿದಂತೆ ಮನೆ ಇರುವವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಅರ್ಧ ಇಂಚು ಸಿಕ್ಕರೂ ಇಲಿ ಒಳಗೆ ಬಂದು ಕಾರಿನ ವೈರು ಕಡಿಯುತ್ತದೆ.

ಹಂತ 6: ಮೂಲೆಯಿಂದ ಮೂಲೆಗೆ

ಮೇಲಿನ ಎಡಮೂಲೆಯಿಂದ ಕೆಳಗಿನ ಬಲಮೂಲೆಗೆ, ಮೇಲಿನ ಬಲಮೂಲೆಯಿಂದ ಕೆಳಗಿನ ಎಡಮೂಲೆಗೆ ಅಳೆಯಿರಿ. 9 ಅಡಿ ಅಗಲ, 7 ಅಡಿ ಎತ್ತರದ ನೇರವಾದ ಓಪನಿಂಗಿನಲ್ಲಿ ಎರಡೂ ಸುಮಾರು 11 ಅಡಿ 4 ಇಂಚು ಆರೂವರೆ ನೂಲು, ಅಂದರೆ 3475 ಮಿ.ಮೀ. ಬರಬೇಕು.

ಎರಡೂ ಸಮವಾಗಿಲ್ಲ ಎಂದಮಾತ್ರಕ್ಕೆ ಗೋಡೆ ವಾಲಿದೆ ಎಂದು ಹೇಳುವಂತಿಲ್ಲ. ಮೇಲಿನ ಉದಾಹರಣೆಯಂತೆ ಬಲಬದಿಯ ನೆಲ 35 ಮಿ.ಮೀ. ಇಳಿದಿದ್ದರೆ, ಗೋಡೆಗಳು ನೇರವಾಗಿದ್ದರೂ ಒಂದು ಕರ್ಣ 3475, ಇನ್ನೊಂದು 3497 ಬರುತ್ತದೆ. ಆದ್ದರಿಂದ ಕರ್ಣವನ್ನು ನೆಲದ ಮೂಲೆಯಿಂದ ಅಳೆಯುವ ಬದಲು, ಐದನೆಯ ಹಂತದಲ್ಲಿ ಗೋಡೆಗೆ ಹಾಕಿದ ಮಟ್ಟದ ಗೆರೆಗಳಿಂದ ಮೇಲಿನ ಎದುರು ಮೂಲೆಗೆ ಅಳೆಯುವುದು ವಾಸಿ. ಆಗಲೂ ಅರ್ಧ ಇಂಚಿಗಿಂತ ಹೆಚ್ಚು ಅಂತರ ಕಂಡರೆ ತೂಕದ ಗುಂಡನ್ನು ಇಳಿಬಿಟ್ಟು ಯಾವ ಗೋಡೆ ವಾಲಿದೆ ಎಂದು ನೋಡಿ. ಎರಡೂ ಗೋಡೆಗಳು ಒಂದೇ ಕಡೆಗೆ ವಾಲಿದ್ದರೆ ಮೂರು ಅಗಲಗಳೂ ಸರಿಯಾಗಿಯೇ ಬರುತ್ತವೆ. ಅಗಲ ಮಾತ್ರ ನೋಡಿ ಸಮಾಧಾನಪಟ್ಟವರು ಸಿಕ್ಕಿಬೀಳುವುದು ಇಲ್ಲಿ.

ಹಂತ 7: ಮೇಲೆ, ಪಕ್ಕಕ್ಕೆ, ಹಿಂದಕ್ಕೆ ಎಷ್ಟು ಜಾಗವಿದೆ

ಸುರುಳಿಯನ್ನು ಹೊರುವ ಬ್ರಾಕೆಟ್ ಫಲಕ ಸಾಮಾನ್ಯವಾಗಿ ಒಂದು ಅಡಿಯ ಚೌಕ, ಶಟರ್ ಎತ್ತರವಾದಷ್ಟೂ ದೊಡ್ಡದಾಗಿ 15 ಇಂಚಿನವರೆಗೂ ಹೋಗುತ್ತದೆ. ಲಿಂಟಲ್‌ನ ತಳದಿಂದ ಚಾವಣಿಗೆ ಅಥವಾ ಅಡ್ಡ ಬರುವ ಬೀಮಿಗೆ ಎಷ್ಟಿದೆ ಎಂದು ಅಳೆದು ಬರೆಯಿರಿ. ಅಷ್ಟು ಜಾಗವಿಲ್ಲದೆ ಸುರುಳಿಯನ್ನು ಲಿಂಟಲ್ ಕೆಳಗೇ ಕೂರಿಸಿದರೆ 7 ಅಡಿಯ ಓಪನಿಂಗಿನಲ್ಲಿ ಉಳಿಯುವುದು ಆರು ಅಡಿ, ಕೆಲವೊಮ್ಮೆ ಅದಕ್ಕೂ ಕಡಿಮೆ. ಮನೆಗೆ ಬಂದ ಎತ್ತರದ ನೆಂಟರು ಹಣೆ ಉಜ್ಜಿಕೊಳ್ಳುತ್ತಾ ಒಳಗೆ ಬರಬೇಕಾಗುತ್ತದೆ.

ಸೆಕ್ಷನಲ್ ಬಾಗಿಲಾದರೆ ಲಿಂಟಲ್ ಮೇಲೆ ಸಾಮಾನ್ಯವಾಗಿ ಒಂದು ಅಡಿ, ಎರಡೂ ಪಕ್ಕಕ್ಕೆ ತಲಾ ನಾಲ್ಕು ಇಂಚು, ಒಳಕ್ಕೆ ಬಾಗಿಲಿನ ಎತ್ತರದ ಜೊತೆಗೆ ಇನ್ನೊಂದೂವರೆ ಅಡಿ ಖಾಲಿ ಬೇಕು. ಮೋಟಾರು ಇದ್ದರೆ ಒಳಗಿನ ಜಾಗ ಬಾಗಿಲಿನ ಎತ್ತರಕ್ಕಿಂತ ಮೂರೂವರೆ ನಾಲ್ಕು ಅಡಿ ಹೆಚ್ಚಿರಬೇಕು. 30×40 ಸೈಟಿನ ಮನೆಗಳಲ್ಲಿ ಈ ದಾರಿಗೆ ಅಡ್ಡ ಬರುವುದು ಮೇಲಿನ ಬಚ್ಚಲುಮನೆಯಿಂದ ಇಳಿದ ಪೈಪು, ಬೀಮು, ಟ್ಯೂಬ್‌ಲೈಟು, ಪಕ್ಕದ ಗೋಡೆಯ ಮೀಟರ್ ಬೋರ್ಡು. ಇವುಗಳ ಫೋಟೋ ತೆಗೆದು, ಒಂದೊಂದೂ ಓಪನಿಂಗಿನಿಂದ ಎಷ್ಟು ದೂರದಲ್ಲಿದೆ ಎಂದು ಬರೆಯಿರಿ.

ಬ್ರಾಕೆಟ್ ಬಿಗಿಯುವ ಗೋಡೆ ಯಾವುದರದ್ದು ಎಂಬುದನ್ನೂ ಹೇಳಬೇಕು. 18 ಗೇಜಿನ ಪಟ್ಟಿ ಸುಮಾರು 1.2 ಮಿ.ಮೀ. ದಪ್ಪ, ಅದರ ಶಟರ್ ಚದರ ಮೀಟರಿಗೆ 10 ಕೆ.ಜಿ.ಗೂ ಹೆಚ್ಚು ತೂಗುತ್ತದೆ. ಗೋಡೆಯನ್ನು ಬೆರಳಿನ ಗೆಣ್ಣಿನಿಂದ ತಟ್ಟಿದಾಗ ಪೊಳ್ಳು ಸದ್ದು ಬಂದರೆ ಅದು ಹಾಲೋ ಬ್ಲಾಕ್ ಆಗಿರಬಹುದು, ಇಲ್ಲವೇ ಗಿಲಾವು ಗೋಡೆ ಬಿಟ್ಟಿರಬಹುದು. ಎರಡರಲ್ಲೂ ಬರಿಯ ಬೋಲ್ಟು ನಿಲ್ಲುವುದಿಲ್ಲ.

ಶಟರಿನ ವಿಸ್ತೀರ್ಣ ಸುಮಾರು 10 ಚದರ ಮೀಟರ್, ಅಂದರೆ 107 ಚದರಡಿ ಮೀರಿದರೆ ಕೈಯಿಂದ ಎತ್ತುವ ಬಗೆ ಬೇಡ. ಚೈನ್ ಗೇರ್ ಅಥವಾ ಮೋಟಾರು ಹಾಕಿಸಿ. ಗೇರ್ ಇಲ್ಲವೇ ಮೋಟಾರು ಕೂರುವ ಬದಿಯಲ್ಲಿ ಹೆಚ್ಚು ಪಕ್ಕದ ಜಾಗ ಬೇಕಾಗುತ್ತದೆ. ಮನೆಯೊಳಗಿಂದ ಗ್ಯಾರೇಜಿಗೆ ಬೇರೆ ಬಾಗಿಲಿಲ್ಲದಿದ್ದರೆ, ಕರೆಂಟು ಹೋದಾಗ ಹೊರಗಿನಿಂದ ತೆರೆಯುವ ವ್ಯವಸ್ಥೆಯನ್ನು ಆರ್ಡರಿನಲ್ಲೇ ಸೇರಿಸಿ.

ಹಂತ 8: ಗಾಡಿ ಹಿಡಿಯುತ್ತದೆಯೇ

ಕಂಪನಿಗಳು ಕೊಡುವ ಅಗಲದಲ್ಲಿ ಪಕ್ಕದ ಕನ್ನಡಿಗಳು ಸೇರಿರುವುದಿಲ್ಲ. ಮಾರುತಿ ಸ್ವಿಫ್ಟ್ 1735 ಮಿ.ಮೀ., ಇನ್ನೋವಾ ಕ್ರಿಸ್ಟಾ 1830 ಮಿ.ಮೀ. ಎಂದರೆ ಬರಿಯ ಮೈ. ನಿಮ್ಮ ಕಾರಿನ ಕನ್ನಡಿಗಳನ್ನು ಹೊರಕ್ಕೆ ತೆರೆದಿಟ್ಟು, ತುದಿಯಿಂದ ತುದಿಗೆ ನೀವೇ ಅಳೆಯಿರಿ. ಚಾನಲ್‌ಗಳ ನಡುವೆ ಉಳಿಯುವ ಅಗಲದಲ್ಲಿ ಅದನ್ನು ಕಳೆದಾಗ ಎರಡೂ ಬದಿ ಒಂದೊಂದು ಗೇಣು ಉಳಿಯಬೇಕು. 20 ಅಡಿ ರಸ್ತೆಯಿಂದ ನೇರ ಬಾರದೆ ತಿರುಗಿಸಿ ಒಳಗೆ ತರುವವರಿಗೆ ಅದೂ ಸಾಲದು.

ಮಂಡ್ಯದ ಹಳ್ಳಿಗಳಲ್ಲಿ ಶಟರ್ ಹಾಕಿಸುವುದು ಹೆಚ್ಚಾಗಿ ಟ್ರ್ಯಾಕ್ಟರ್ ಶೆಡ್ಡಿಗೆ. ಅಲ್ಲಿ ಎತ್ತರವನ್ನು ಸೈಲೆನ್ಸರಿನ ತುದಿಗೋ ಮೇಲಿನ ಟಾಪಿಗೋ, ಯಾವುದು ಎತ್ತರವೋ ಅದಕ್ಕೆ ಅಳೆಯಬೇಕು. ಶಟರನ್ನು ಪೂರ್ತಿ ಎತ್ತಿದ ಮೇಲೂ ಕೆಳಪಟ್ಟಿ ಮತ್ತು ಹಿಡಿಕೆ ಓಪನಿಂಗಿನೊಳಗೆ ಒಂದೆರಡು ಇಂಚು ಇಳಿದಿರುವುದುಂಟು, ಅದನ್ನೂ ಕಳೆಯಿರಿ.

ಹಂತ 9: ಚೀಟಿಯಲ್ಲಿ ಅಂಕಿ ಬರೆಯುವ ಕ್ರಮ

ಇಷ್ಟೆಲ್ಲ ಸರಿಯಾಗಿ ಅಳೆದವರೂ ಚೀಟಿಯಲ್ಲಿ ಕೆಡಿಸುತ್ತಾರೆ. 9 ಅಡಿ 6 ಇಂಚನ್ನು 9.6 ಎಂದು ಬರೆಯುವುದು ನಮ್ಮಲ್ಲಿ ರೂಢಿ. ಅದನ್ನು ಗಾರೆಯವರು 9 ಅಡಿ 6 ಇಂಚು ಎಂದೇ ಓದುತ್ತಾರೆ. ಕ್ಯಾಲ್ಕ್ಯುಲೇಟರ್ ಹಿಡಿದವರಿಗೆ ಅದು 9 ಅಡಿ 7 ಇಂಚು ಚಿಲ್ಲರೆ. 9 ಅಡಿ 10 ಇಂಚನ್ನು 9.10 ಎಂದು ಬರೆದರಂತೂ ಕ್ಯಾಲ್ಕ್ಯುಲೇಟರಿನಲ್ಲಿ ಕೊನೆಯ ಸೊನ್ನೆ ಬಿದ್ದುಹೋಗಿ 9.1 ಅಡಿಯಾಗುತ್ತದೆ, ಸುಮಾರು ಒಂಬತ್ತು ಇಂಚು ಮಾಯ. ಬಿಲ್ಲಿಗೂ ಇದು ತಟ್ಟುತ್ತದೆ. 9 ಅಡಿ 6 ಇಂಚು ಅಗಲ, 7 ಅಡಿ 3 ಇಂಚು ಎತ್ತರದ ನಿಜವಾದ ವಿಸ್ತೀರ್ಣ 68.88 ಚದರಡಿ, 9.6 ಮತ್ತು 7.3 ಗುಣಿಸಿದರೆ 70.08.

ಹಾಗಾಗಿ ಮಿಲಿಮೀಟರಿನಲ್ಲೇ ಬರೆಯಿರಿ. ಅಡಿಯಲ್ಲೇ ಬೇಕು ಎಂದರೆ ಪಕ್ಕದಲ್ಲಿ ‘ಅಡಿ’, ‘ಇಂಚು’, ‘ನೂಲು’ ಎಂದು ಅಕ್ಷರದಲ್ಲಿ ಬರೆಯಿರಿ. ಒಂದು ಇಂಚಿಗೆ ಎಂಟು ನೂಲು. ಎಡ, ಬಲ ಎಂಬುದು ಹೊರಗೆ ರಸ್ತೆಯಲ್ಲಿ ನಿಂತು ನೋಡಿದಾಗಿನದೋ ಒಳಗಿನಿಂದಲೋ ಎಂದೂ ಹೇಳಬೇಕು. ಇಲ್ಲದಿದ್ದರೆ ಮೋಟಾರು ಮೀಟರ್ ಬೋರ್ಡಿನ ಮೇಲೆಯೇ ಬಂದು ಕೂರುತ್ತದೆ. ನಾನು ಬರೆದುಕೊಡುವ ಚೀಟಿ ಹೀಗಿರುತ್ತದೆ:

ಓಪನಿಂಗ್ ಅಳತೆ, ಏನನ್ನೂ ಕಳೆದಿಲ್ಲ, ಕೂಡಿಸಿಲ್ಲ. ಗಿಲಾವು, ನೆಲ ಮುಗಿದಿವೆ.
ಎಡ, ಬಲ: ರಸ್ತೆಯಿಂದ ನೋಡಿದಂತೆ.
ಅಗಲ: ಮೇಲೆ 2748, ನಡುವೆ 2743, ಕೆಳಗೆ 2739 ಮಿ.ಮೀ.
ಎತ್ತರ: ಎಡ 2134, ನಡು 2144, ಬಲ 2154 ಮಿ.ಮೀ.
ಲಿಂಟಲ್ ಮಟ್ಟವಾಗಿದೆ. ನೆಲ ಬಲಕ್ಕೆ 20 ಮಿ.ಮೀ. ತಗ್ಗು.
ಲಿಂಟಲ್ ತಳದಿಂದ ಚಾವಣಿಗೆ: 460 ಮಿ.ಮೀ.
ಚಾನಲ್: ಗೋಡೆಯ ಒಳಮುಖಕ್ಕೆ.

ಇದರ ಕೆಳಗೆ ಶಟರ್ ಮಾಡುವವರಿಂದಲೇ ಎರಡು ಸಾಲು ಬರೆಸಿಕೊಳ್ಳಿ: ಪಟ್ಟಿಯ ಅಗಲ ಎಷ್ಟು ಕತ್ತರಿಸುತ್ತಾರೆ, ಚದರಡಿ ಲೆಕ್ಕಕ್ಕೆ ಮೇಲೆ ಸುತ್ತಿಕೊಳ್ಳುವ ಭಾಗವನ್ನೂ ಸೇರಿಸುತ್ತಾರೆಯೇ. ಎತ್ತರಕ್ಕೆ ಒಂದು ಅಡಿಯೋ ಒಂದೂವರೆಯೋ ಸೇರಿಸುವ ವಾಡಿಕೆ ಅಂಗಡಿಯಿಂದ ಅಂಗಡಿಗೆ ಬೇರೆ. ಮೊದಲೇ ಕೇಳದೆ ಬಿಲ್ಲು ಬಂದ ಮೇಲೆ ವಾದಿಸಿ ಪ್ರಯೋಜನವಿಲ್ಲ.

ಹಂತ 10: ಮಾಲು ಬಂದ ದಿನ

ಗೂಡ್ಸ್ ಆಟೋದಿಂದ ಇಳಿಸುವ ಮೊದಲೇ ಕೆಳಪಟ್ಟಿಯ ಉದ್ದ ಅಳೆದು ಚೀಟಿಯೊಂದಿಗೆ ತಾಳೆ ನೋಡಿ. ಇಳಿಸಿ ಗೋಡೆಗೆ ರಂಧ್ರ ಕೊರೆದ ಮೇಲೆ ವಾಪಸು ಕಳಿಸುವುದು ಕಷ್ಟ. ಚಾನಲ್‌ಗಳನ್ನು ಬಿಗಿಯುವಾಗ ಗೋಡೆಯ ಅಂಚನ್ನು ನೋಡಿ ಹಿಡಿಯದೆ ತೂಕದ ಗುಂಡನ್ನು ನೋಡಿ ಹಿಡಿಯುವಂತೆ ಹೇಳಿ. ಎರಡು ಚಾನಲ್‌ಗಳ ನಡುವಿನ ಅಂತರ ಮೇಲೂ ಕೆಳಗೂ ಒಂದೇ ಇರಬೇಕು. ಒಂದೆರಡು ನೂಲು ಹೆಚ್ಚುಕಡಿಮೆಯಾದರೂ ಶಟರ್ ಅರ್ಧ ದಾರಿಯಲ್ಲಿ ಬಿಗಿಯಾಗುತ್ತದೆ, ಆಗ ಎಣ್ಣೆ ಹಾಕಿದರೆ ಸರಿಹೋಗುತ್ತದೆ ಎಂಬ ಮಾತನ್ನು ಒಪ್ಪಬೇಡಿ. ಬಾಕಿ ಹಣ ಕೊಡುವ ಮುನ್ನ ಸಂಜೆ ಕತ್ತಲಾದ ಮೇಲೆ ಒಳಗಿನ ದೀಪ ಹಾಕಿ, ಶಟರ್ ಪೂರ್ತಿ ಇಳಿಸಿ, ರಸ್ತೆಯಲ್ಲಿ ನಿಂತು ನೋಡಿ. ಬೆಳಕಿನ ಗೆರೆ ಎಲ್ಲೆಲ್ಲಿ ಕಾಣುತ್ತದೋ ಅಲ್ಲೆಲ್ಲ ಸೀಮೆಸುಣ್ಣದಿಂದ ಗುರುತು ಹಾಕಿ ತೋರಿಸಿ.